ಯೆಶಿಯ ಶಾಲು

ಪಾಸ್‌ಪೋರ್ಟ್ ಇದ್ದ ಜಾಗದಲ್ಲೇ ಇದೆಯೇ ಎಂದು ಎನೆಲೆಸಿ ಅಂಗಿಯೊಳಗೆ ಕೈ ಹಾಕಿ ಮುಟ್ಟಿ ನೋಡಿಕೊಂಡಳು. ಇತ್ತು. ಅಡಿಸ್ ಅಬಾಬಾದಲ್ಲಿ ಇಳಿದು ಈ ಉದ್ದನೆಯ ಹಜಾರದಲ್ಲಿ ಕೂತ ಮೇಲೆ ಎಷ್ಟು ಸಲ ಹೀಗೆ ನೋಡಿಕೊಂಡಿದ್ದಳೋ. ಆರು ವರ್ಷ ಅದು ಮಸ್ಕತ್ತಿನ ಮೇಡಮ್ಮಿನ ಬೀರುವಿನಲ್ಲಿತ್ತು. ನಿನ್ನೆ ಸಂಜೆ ಮೇಡಂ ಅದನ್ನು ಎರಡು ಬೆರಳಲ್ಲಿ ಹಿಡಿದು ಕೊಟ್ಟಾಗ, ಕದ್ದ ಮಾಲು ಇಸಿದುಕೊಂಡವಳ ಹಾಗೆ ಅವಳು ತಟ್ಟನೆ ಅಂಗಿಯೊಳಗೆ ಸೇರಿಸಿಕೊಂಡಿದ್ದಳು. ಒಳಗಿನ ಫೋಟೋದಲ್ಲಿದ್ದ ಹುಡುಗಿಗೆ ಕೆನ್ನೆ ತುಂಬಿಕೊಂಡಿತ್ತು. ಯಾವನಾದರೂ ಅಧಿಕಾರಿ ಇವಳು ನೀನಲ್ಲ ಎಂದುಬಿಟ್ಟರೆ ಹೌದು ನಾನಲ್ಲ ಎಂದು ತಾನೇ ಒಪ್ಪಿಕೊಂಡುಬಿಡುತ್ತೇನೇನೋ ಅನ್ನಿಸಿತು. ತನ್ನ ದೇಶಕ್ಕೆ, ಲಿಲಾಂಗ್ವೆಗೆ ಹೋಗುವ ವಿಮಾನ ಸಂಜೆ ಐದಕ್ಕೆ. ಈಗ ಬೆಳಗಿನ ಆರು. ನಡುವಿನ ಹನ್ನೊಂದು ಗಂಟೆಗಳನ್ನು ನೆನೆದೇ ಅವಳು ಟಿಕೆಟ್ಟು ಕೈಗೆ ಬಂದ ದಿನದಿಂದ ಹೆದರಿಕೊಂಡಿದ್ದಳು. ಕೈಚೀಲದಲ್ಲಿ, ಮಸ್ಕತ್ತಿನಲ್ಲಿ ಮೇಲಿನ ಮಹಡಿಯ ಮನೆಗೆ ಕೆಲಸಕ್ಕಿದ್ದ ಯೆಶಿಯ ಶಾಲಿತ್ತು. ಯೆಶಿಯ ಮನೆ ಇದೇ ಊರಿನಲ್ಲಿತ್ತು. ಮಗಳು ಸತ್ತು ಮೂರು ತಿಂಗಳಾದದ್ದು ಯೆಶಿಯ ತಾಯಿಗೆ ಇನ್ನೂ ಗೊತ್ತಿರಲಿಲ್ಲ.

ಗೊತ್ತಿಲ್ಲ ಎಂಬುದು ಫೋನಿನಿಂದ ತಿಳಿಯುತ್ತಿತ್ತು. ತನ್ನ ಫೋನನ್ನು ಯಜಮಾನ ಕಿತ್ತಿಟ್ಟುಕೊಂಡ ಮೇಲೆ ಯೆಶಿ ತಾಯಿಗೆ ಎನೆಲೆಸಿಯ ನಂಬರು ಕೊಟ್ಟಿದ್ದಳು. ಭಾನುವಾರ ಭಾನುವಾರ ಆ ಹೆಂಗಸಿನ ಧ್ವನಿ ಸಂದೇಶವಾಗಿ ಬರುತ್ತಿತ್ತು, ಒಂದು ನಿಮಿಷ, ಎರಡು ನಿಮಿಷ, ಅರ್ಥವಾಗದ ಭಾಷೆಯಲ್ಲಿ, ನಡುನಡುವೆ ಯೆಶಿ ಎಂಬ ಹೆಸರು. ಮೊದಲ ತಿಂಗಳು ಹೆಸರಿನ ಹಿಂದೆ ನಗುವಿತ್ತು. ಆಮೇಲೆ ಹೆಸರು ಮಾತ್ರ ಉಳಿಯಿತು. ಹೋದ ಎರಡು ವಾರ ಎನೆಲೆಸಿ ಅದನ್ನು ಕೇಳದೆ ಅಳಿಸಿಬಿಟ್ಟಳು. ಅಳಿಸಿದ ಬೆರಳನ್ನು ಸೋಪು ಹಾಕಿ ತೊಳೆದುಕೊಂಡಳು ಕೂಡ. ಎದುರು ಕಟ್ಟಡದಲ್ಲಿ ಯೆಶಿಯ ದೇಶದ ಹುಡುಗಿಯರು ಇಬ್ಬರಿದ್ದರು. ನೀವಾದರೂ ಹೇಳಿ ಎಂದರೆ ಅವರು ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳುವುದುಂಟೇ.

"ಹನ್ನೊಂದು ಗಂಟೆ ಇಲ್ಲಿ ಕೂತ್ರೆ ಕುರ್ಚಿ ಸವೆಯುತ್ತೆ, ಇನ್ನೇನಾಗುತ್ತೆ?" ಎಂದಳು ಪಕ್ಕದ ಹೆಂಗಸು. ತನ್ನದೇ ಚೆವಾ ಭಾಷೆ ಕೇಳಿ ಎನೆಲೆಸಿ ಬೆಚ್ಚಿಬಿದ್ದಳು. ದಪ್ಪ ಮೈಯ, ಕಾಲ ಚಪ್ಪಲಿ ಕಳಚಿಟ್ಟು ಪಾದ ತಿಕ್ಕಿಕೊಳ್ಳುತ್ತಿದ್ದ ಅವಳ ಹೆಸರು ಮಾಯಿ ಕಚಿಂಗ್ವೆ. ಚೀನಾದಿಂದ ಚೌರಿ ತಂದು ಲಿಲಾಂಗ್ವೆಯಲ್ಲಿ ಮಾರುವವಳು, ವರ್ಷಕ್ಕೆ ನಾಲ್ಕು ಸಲ ಈ ನಿಲ್ದಾಣದಲ್ಲಿ ಬಿದ್ದಿರುವವಳು. ಕೇಳದೆಯೇ ಎಲ್ಲ ಹೇಳಿದಳು. "ಮೊದ್ಲು ಆ ಕೌಂಟರಿಗೆ ಹೋಗಿ ಹೋಟೆಲಿನ ಚೀಟಿ ಕೇಳ್ಬೇಕು ತಂಗಿ. ಅವ್ರಾಗಿ ಕೊಡಲ್ಲ. ಇಲ್ಲ ಅಂದ್ರೆ ಅಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತ್ಬಿಡ್ಬೇಕು, ಕೊಡ್ತಾರೆ. ಹೋಟೆಲಲ್ಲಿ ಬಿಸಿನೀರು, ಮೊಟ್ಟೆ, ಬನ್ನು. ಎರಡು ಬನ್ನು ಹೊಟ್ಟೆಗೆ, ಎರಡು ಚೀಲಕ್ಕೆ. ಒಂದು ನಿದ್ದೆ. ಆಮೇಲೆ ಊರು ನೋಡೋದು."

"ನಾನು ಇಲ್ಲೇ ಇರ್ತೀನಿ ಮಾಯಿ. ಮನೆಗೆಲಸ ಮುಗಿಸಿ ಆರು ವರ್ಷಕ್ಕೆ ಊರಿಗೆ ಹೊರಟಿದ್ದೀನಿ. ವಿಮಾನ ಬಿಟ್ಟುಹೋದ್ರೆ?"

"ಸಂಜೆ ವಿಮಾನ ಬೆಳಿಗ್ಗೆ ಬಿಟ್ಟುಹೋಗುತ್ತಾ? ಆರು ವರ್ಷ ಕಂಡೋರ ಮನೆ ಗುಡಿಸಿದ್ದೀಯ. ಒಂದು ದಿನ ಹೊರಗೆ ತಿರುಗೋಕೆ ನಿಂಗಿನ್ನೂ ಯಾರ ಅಪ್ಪಣೆ ಬೇಕು?"

ಮಾಯಿ ನಿಜಕ್ಕೂ ಕಾಲು ಚಾಚಿ ಕೂತಳು, ಚೀಟಿ ಸಿಕ್ಕಿತು. ಅಧಿಕಾರಿ ಪಾಸ್‌ಪೋರ್ಟನ್ನು ಕೈಗೆ ತೆಗೆದುಕೊಂಡ ಅಷ್ಟೂ ಹೊತ್ತು ಎನೆಲೆಸಿ ಅವನ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು. ಅವನು ಮುದ್ರೆ ಒತ್ತಿ ವಾಪಸು ಕೊಟ್ಟ. ಅಷ್ಟು ಸಲೀಸಾಗಿ ಕೊಟ್ಟಿದ್ದಕ್ಕೇ ಅವಳಿಗೆ ಅನುಮಾನವಾಯಿತು. ತಡೆದಿದ್ದರೆ ಚೆನ್ನಾಗಿತ್ತು ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಬಿಡಲಿಲ್ಲ, ಹೋಗಲಾಗಲಿಲ್ಲ ಎಂದು ಜೀವನಪೂರ್ತಿ ಹೇಳಿಕೊಳ್ಳಬಹುದಿತ್ತು. ಹೋಟೆಲಿನ ಮಂಚದ ಮೇಲೆ ಮಲಗದೆ ಕೂತು, ಮತ್ತೊಮ್ಮೆ ತನ್ನ ಲೆಕ್ಕಾಚಾರವನ್ನು ತಿರುವಿ ಹಾಕಿದಳು. ಹೋಗುವುದು, ಶಾಲು ಕೊಡುವುದು, ಯೆಶಿ ಚೆನ್ನಾಗಿದ್ದಾಳೆ ಅನ್ನುವುದು, ಬಂದುಬಿಡುವುದು. ಸತ್ಯವನ್ನು ಹೇಳಬೇಕಾದವರು ಹೇಳಿಕೊಳ್ಳಲಿ. ಅದಕ್ಕೆ ಕಚೇರಿಗಳಿವೆ, ಕಾಗದಗಳಿವೆ. ಹಾಗಾದರೆ ಹೋಗುವುದೇ ಯಾಕೆ? ಶಾಲು ಚೀಲದಲ್ಲಿದ್ದರೆ ಮನೆಗೆ ಹೋಗುವುದು ಸಾಧ್ಯವಿಲ್ಲ ಎಂದು ಮಾತ್ರ ಗೊತ್ತಿತ್ತು.

ಹೊತ್ತನ್ನೂ ಅವಳು ಯೋಚಿಸಿಯೇ ಇಟ್ಟಿದ್ದಳು. ತಾರಸಿಯ ಮೇಲೆ ಬಟ್ಟೆ ಹರವುತ್ತ ಯೆಶಿ ಒಂದು ದಿನ ಹೇಳಿದ್ದಳು, ಬಾಯಲ್ಲಿ ಕ್ಲಿಪ್ಪು ಕಚ್ಚಿಕೊಂಡು, ನಗುತ್ತ. ನಮ್ಮಲ್ಲಿ ಯಾರಾದ್ರೂ ಸತ್ರೆ ಮನೆಯವರಿಗೆ ಹಾಗೇ ಹೇಳಿಬಿಡಲ್ಲ ಕಣೇ. ಹಿರಿಯರು ಒಟ್ಟು ಸೇರಿ, ಬೆಳಕು ಹರಿಯೋಕೆ ಮುಂಚೆ ಬಂದು ಬಾಗಿಲು ತಟ್ತಾರೆ. ಮುಂಜಾನೆ ಹೊತ್ತಲ್ಲಿ ಮೂರು ಜನ ಒಟ್ಟಿಗೆ ಗೇಟಿನ ಮುಂದೆ ನಿಂತ್ರೆ ನಮ್ಮಮ್ಮ ಯಾರು ಏನು ಕೇಳಲ್ಲ, ಕಿರುಚೋಕೆ ಶುರು ಮಾಡ್ತಾಳೆ. ಅದಕ್ಕೇ ನಮ್ಮ ಓಣಿಲಿ ಸಕ್ಕರೆ ಸಾಲ ಕೇಳೋರೂ ಬಿಸಿಲು ಬಂದ್ಮೇಲೆ ಒಬ್ಬೊಬ್ರೇ ಬರ್ತಾರೆ. ಒದ್ದೆ ಚಾದರದ ಆಚೆ ಅವಳ ಮುಖ ಕಾಣುತ್ತಿರಲಿಲ್ಲ, ನಗು ಮಾತ್ರ ಕೇಳುತ್ತಿತ್ತು. ಆಗ ಎನೆಲೆಸಿಯೂ ನಕ್ಕಿದ್ದಳು. ಆದ್ದರಿಂದ ಬೆಳಿಗ್ಗೆ ಹೋಗಕೂಡದು. ಬಿಸಿಲೇರಿದ ಮೇಲೆ, ಒಬ್ಬಳೇ, ಮುಖದಲ್ಲಿ ನಗು ಇಟ್ಟುಕೊಂಡು ಹೋಗಬೇಕು. ಕಪ್ಪು ಉಡಬಾರದು. ತನ್ನಲ್ಲಿದ್ದ ಹಳದಿ ಅಂಗಿಯನ್ನು ಅದಕ್ಕಾಗಿಯೇ ಮೇಲೆ ಇಟ್ಟುಕೊಂಡಿದ್ದಳು. ಇಷ್ಟೆಲ್ಲ ಜಾಗ್ರತೆ ಮಾಡುವವಳು ಅವತ್ತು ಆ ಒಂದು ಚಿಲಕ ಸರಿಸಿದ್ದರೆ ಎಂಬ ಮಾತು ಬಂದೊಡನೆ ಎದ್ದು ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು. ನೀರು ಬೀಳುವ ಸದ್ದಿಗೆ ಮತ್ತಷ್ಟು ಹೆದರಿ ನಲ್ಲಿ ನಿಲ್ಲಿಸಿದಳು.

ಹತ್ತು ಗಂಟೆಗೆ ಹೊರಟಾಗ ಮಾಯಿ ಹೋಟೆಲಿನ ಬಾಗಿಲಲ್ಲೇ ಹಿಡಿದಳು. "ಎಲ್ಲಿಗೆ? ತಡಿ, ನಾನೂ ಬರ್ತೀನಿ."

"ಸ್ನೇಹಿತೆ ಅಮ್ಮನ ಮನೆ ಮಾಯಿ. ಒಬ್ಬಳೇ ಹೋಗ್ಬೇಕು."

"ಓಹೋ, ನನ್ನ ಕರ್ಕೊಂಡು ಹೋದ್ರೆ ಅವಮಾನವೋ." ಮಾಯಿಯ ಮುಖ ಸಣ್ಣಗಾಯಿತು. ಆದರೂ ಕೋಪ ಅವಳಲ್ಲಿ ಬಹಳ ಹೊತ್ತು ನಿಲ್ಲುವಂಥದ್ದಲ್ಲ. ಹಳದಿ ಅಂಗಿಯಲ್ಲಿ ಎನೆಲೆಸಿ ಚಳಿಗೆ ತೋಳು ಉಜ್ಜಿಕೊಳ್ಳುವುದನ್ನು ನೋಡಿ, "ಇದು ಸೆಕೆಯ ನಮ್ಮ ಸಲೀಮಾ ಊರಲ್ಲ, ಬೆಟ್ಟದ ಮೇಲಿನ ಊರು. ಹೊದ್ಕೊಳ್ಳೋಕೆ ಏನಿದೆ?" ಎಂದು ಚೀಲದೊಳಗೆ ತಾನೇ ಕೈಯಿಟ್ಟು ಶಾಲನ್ನು ಎಳೆದಳು. ತೆಳ್ಳನೆಯ ಬಿಳಿ ಹತ್ತಿ, ಒಂದು ಅಂಚಿನಲ್ಲಿ ಹಸಿರು, ಕೆಂಪು, ನಡುವೆ ಸಣ್ಣ ಸಣ್ಣ ಹಳದಿ ಚೌಕ. ಬೇಡ ಎನ್ನುವಷ್ಟರಲ್ಲಿ ಅದು ಮೈಮೇಲಿತ್ತು. "ಇಷ್ಟು ಚೆಂದದ ಅಂಚು ಕೆಳಗೆ ಯಾಕೆ ಬಿಡ್ತೀಯ? ಮೊಣಕಾಲು ನೋಡ್ಕೊಂಡು ಮಾತಾಡ್ತಾರಾ ಜನ? ಚೆಂದ ಇರೋದು ಮುಖದ ಹತ್ರ ಇರ್ಬೇಕು." ತಿರುವಿ ಹಾಕಿ, ಬಣ್ಣದ ಅಂಚನ್ನು ಕುತ್ತಿಗೆಯ ಸುತ್ತ ತಂದು, ಎರಡೂ ಕೆನ್ನೆಗಳ ಪಕ್ಕದಲ್ಲಿ ಒಪ್ಪ ಮಾಡಿ, ಎರಡು ಹೆಜ್ಜೆ ಹಿಂದೆ ನಿಂತು ನೋಡಿದಳು. "ನೋಡು ಈಗ. ಮದುವೆ ಮನೆಗೆ ಹೊರಟ ಹಾಗಿದ್ದೀಯ." ಗಾಜಿನ ಬಾಗಿಲಲ್ಲಿ ತನ್ನನ್ನು ನೋಡಿಕೊಂಡಾಗ ಎನೆಲೆಸಿಗೂ ಹೌದೆನ್ನಿಸಿತು. ಒಳ್ಳೆಯ ಸುದ್ದಿ ತಂದವಳ ಹಾಗೇ ಇದ್ದಳು. ಶಾಲಿನ ಮಡಿಕೆಯಿಂದ ಯೆಶಿ ತಲೆಗೆ ಹಚ್ಚಿಕೊಳ್ಳುತ್ತಿದ್ದ ಬೆಣ್ಣೆಯ ವಾಸನೆ ಇನ್ನೂ ಪೂರ್ತಿ ಹೋಗಿರಲಿಲ್ಲ.

ಟ್ಯಾಕ್ಸಿಯವನ ಹೆಸರು ಮೆಸ್ಫಿನ್. ದೂರದಿಂದ ನೋಡಿದಾಗ ಹಾಡು ಜೋರಾಗಿ ಹಾಕಿಕೊಂಡು ಸ್ಟೇರಿಂಗಿನ ಮೇಲೆ ತಾಳ ಹಾಕುತ್ತಿದ್ದ. ಅವಳು ಬಾಗಿಲ ಹತ್ತಿರ ಬಂದು, ಯೆಶಿ ಎಂದೋ ಬರೆದುಕೊಟ್ಟಿದ್ದ ವಿಳಾಸದ ಚೀಟಿ ಚಾಚಿದೊಡನೆ ಹಾಡು ನಿಲ್ಲಿಸಿದ. ಚೌಕಾಸಿ ಮಾಡಬೇಕೆಂದು ಮಾಯಿ ಹೇಳಿಕೊಟ್ಟಿದ್ದಳು. ಅದಕ್ಕೆ ಅವನು ಎಡೆಯನ್ನೇ ಕೊಡದೆ ಕಡಿಮೆ ಬಾಡಿಗೆ ಹೇಳಿ ಇಳಿದು ಬಂದು ಬಾಗಿಲು ತೆಗೆದ. "ಶಿರೋ ಮೇಡಾ," ಎಂದು ಚೀಟಿ ಓದಿದ, ಮುರುಕು ಇಂಗ್ಲಿಷಿನಲ್ಲಿ ಮೆಲ್ಲಗೆ. "ನೇಕಾರರ ಕೇರಿ. ಹಿಟ್ಟಿನ ಗಿರಣಿ ಮೇಲ್ಗಡೆ. ಸರಿ ಅಕ್ಕ. ನಿಧಾನ ಹೋಗ್ತೀನಿ." ಯಾಕೆ ನಿಧಾನ, ಎಂದು ಕೇಳಲು ಅವಳಿಗೆ ಧೈರ್ಯ ಬರಲಿಲ್ಲ. ದಾರಿಯುದ್ದಕ್ಕೂ ಅವನು ಕನ್ನಡಿಯಲ್ಲಿ ಅವಳನ್ನು ನೋಡಿ ಕಣ್ಣು ತಗ್ಗಿಸುತ್ತಿದ್ದ. ಅಪರಿಚಿತ ಗಂಡಸು ಕಾರಣವಿಲ್ಲದೆ ಮರ್ಯಾದೆ ತೋರಿಸಿದರೆ ಭಯಪಡಬೇಕು ಎಂಬುದು ಆರು ವರ್ಷದಲ್ಲಿ ಅವಳು ಕಲಿತ ಪಾಠ. ಪಾಸ್‌ಪೋರ್ಟ್ ಮುಟ್ಟಿಕೊಂಡಳು. ಇವನಿಗೆ ಏನೋ ಗೊತ್ತಿದೆ. ಹೇಗೆ ಗೊತ್ತಾಗುತ್ತದೆ, ಹುಚ್ಚಿ. ಆದರೂ ಗೊತ್ತಿದೆ. ಅವತ್ತು ಮಸ್ಕತ್ತಿನ ಅಡುಗೆಮನೆಯ ಹಿಂಬಾಗಿಲ ಈಚೆ, ಕೈಯಲ್ಲಿ ಮೀನಿನ ಚಾಕು ಹಿಡಿದು ಉಸಿರು ಬಿಗಿಹಿಡಿದು ನಿಂತಿದ್ದ ತನ್ನನ್ನು ನೋಡಿದ ಕಣ್ಣು ಯಾವುದಾದರೂ ಇರಬಹುದೇ. ಮಧ್ಯಾಹ್ನ ಎರಡೂವರೆ. ಮೇಡಂ ಮಲಗಿದ್ದ ಹೊತ್ತು. ಮೇಲಿನ ಮಹಡಿಯಿಂದ ಬರಿಗಾಲ ಸದ್ದು, ಆಮೇಲೆ ತಟ್ಟುವ ಸದ್ದು. ತೆಗಿ, ಎನೆಲೆಸಿ, ಬಾಗಿಲು ತೆಗಿ. ಜೋರಾಗಿಯೂ ಅಲ್ಲ, ಮೇಡಮ್ಮಿಗೆ ಎಚ್ಚರವಾಗಬಾರದೆಂದು ಯೆಶಿಯೇ ಜಾಗ್ರತೆಯಿಂದ ತಟ್ಟುತ್ತಿದ್ದಳು. ಹೋದ ಸಲ ಅವಳನ್ನು ಒಳಗೆ ಬಿಟ್ಟದ್ದಕ್ಕೆ ಮೇಡಂ, ಇನ್ನೊಮ್ಮೆ ಆ ಹುಡುಗಿ ಇಲ್ಲಿ ಕಂಡರೆ ನೀನು ಈ ಜನ್ಮದಲ್ಲಿ ಊರು ನೋಡುವುದಿಲ್ಲ ಎಂದಿದ್ದಳು. ಎನೆಲೆಸಿ ನಲ್ಲಿ ತಿರುಗಿಸಿದಳು. ನೀರಿನ ಸದ್ದಿನಲ್ಲಿ ಮೀನು ತೊಳೆದಳು, ತೊಳೆದ ಮೀನನ್ನೇ ಮತ್ತೆ ತೊಳೆದಳು. ನಲ್ಲಿ ನಿಲ್ಲಿಸಿದಾಗ ತಟ್ಟುವುದು ನಿಂತಿತ್ತು. ಅರ್ಧ ಗಂಟೆ ಕಳೆದಿರಬೇಕು, ಕೆಳಗಿನ ಅಂಗಳದಿಂದ ಕಾವಲುಗಾರನ ಕೂಗು ಕೇಳಿತು.

ಗಿರಣಿಯ ಹತ್ತಿರ ಕಾರು ನಿಂತಿತು. "ಮೇಲಕ್ಕೆ ನಡ್ಕೊಂಡು ಹೋಗ್ಬೇಕು ಅಕ್ಕ. ನಾನು ಇಲ್ಲೇ ಇರ್ತೀನಿ. ಎಷ್ಟು ಹೊತ್ತಾದ್ರೂ ಸರಿ, ಕಾಯ್ತೀನಿ," ಎಂದ ಮೆಸ್ಫಿನ್. ಓಣಿಯ ಎರಡೂ ಬದಿಗೆ ಮಗ್ಗಗಳ ಸದ್ದು. ನೀಲಗಿರಿ ಸೌದೆಯ ಹೊಗೆ. ಎನೆಲೆಸಿ ಮುಖದಲ್ಲಿ ನಗು ಕೂರಿಸಿಕೊಂಡು ಹತ್ತತೊಡಗಿದಳು. ಅವಳು ದಾಟಿದ ಕಡೆಯಲ್ಲೆಲ್ಲ ಮಗ್ಗದ ಸದ್ದು ನಿಲ್ಲುತ್ತಿತ್ತು. ಹಿಂದಿರುಗಿ ನೋಡಿದರೆ ನೇಕಾರರು ಮಗ್ಗದ ಗುಂಡಿಯಿಂದ ಕಾಲು ಎತ್ತದೆ ಅವಳನ್ನೇ ನೋಡುತ್ತಿದ್ದರು. ಮೆಣಸಿನಕಾಯಿ ಒಣಗಿಸುತ್ತಿದ್ದ ಮುದುಕಿಯೊಬ್ಬಳು ಎದ್ದು ನಿಂತಳು, ಎದೆ ಮುಟ್ಟಿಕೊಂಡು ತಲೆ ಬಾಗಿಸಿದಳು. ಎನೆಲೆಸಿ ಹಲ್ಲು ಬಿಟ್ಟು ನಕ್ಕಳು. ಮುದುಕಿಯ ಮುಖದಲ್ಲಿ ಏನೋ ಗಾಬರಿ ಕಂಡಿತು. ನನ್ನ ನಗು ಸರಿಯಿಲ್ಲ, ಎಂದುಕೊಂಡಳು. ನಗುವುದೇ ಮರೆತುಹೋಗಿದೆ. ಇಲ್ಲಿಂದಲೇ ತಿರುಗಿಬಿಡಲೇ, ಶಾಲನ್ನು ಈ ಮುದುಕಿಯ ಕೈಗೆ ಕೊಟ್ಟು? ಅಷ್ಟರಲ್ಲಿ ನೀಲಿ ತಗಡಿನ ಬಾಗಿಲು ಎದುರಿಗಿತ್ತು. ಅದು ತೆರೆದೇ ಇತ್ತು. ತಟ್ಟುವ ಕಷ್ಟವನ್ನೂ ಅವಳಿಗೆ ಕೊಡಲಿಲ್ಲ.

ಒಳಗೆ ನೆಲದ ಮೇಲೆ ಕೂತು ಹತ್ತಿ ನೂಲುತ್ತಿದ್ದ ಹೆಂಗಸು ತಲೆಯೆತ್ತಿದಳು. ಯೆಶಿಯದೇ ಹಣೆ, ಯೆಶಿಯದೇ ಅಗಲ ಬಾಯಿ. ಅತ್ಸೆದೆ ಎಂಬ ಅವಳ ಹೆಸರು ಎನೆಲೆಸಿಗೆ ಗೊತ್ತಿತ್ತು, ಆದರೆ ಬಾಯಿಗೆ ಬರಲಿಲ್ಲ. ಆ ಹೆಂಗಸು ಮೊದಲು ನೋಡಿದ್ದು ಶಾಲಿನ ಅಂಚನ್ನು. ಆಮೇಲೆ ಮುಖವನ್ನು. ಮತ್ತೆ ಅಂಚನ್ನು. ಕೈಯಲ್ಲಿದ್ದ ಕದಿರು ತಿರುಗುತ್ತ ತಿರುಗುತ್ತ ತಾನಾಗಿಯೇ ನಿಂತಿತು. ಅವಳು ಎದ್ದು ಬಂದು, ಎನೆಲೆಸಿಯ ತೋಳು ಹಿಡಿದು ಒಳಗೆ ಎಳೆದುಕೊಂಡು, ಓಣಿಯ ಕಡೆ ಒಮ್ಮೆ ಇಣುಕಿ, ಬಾಗಿಲು ಮುಚ್ಚಿ ಅಗುಳಿ ಹಾಕಿದಳು. ಮೇಲೊಂದು, ಕೆಳಗೊಂದು.

ಯಾಕೆ ಮುಚ್ಚಿದಳು. ಎನೆಲೆಸಿ ಪಾಸ್‌ಪೋರ್ಟ್ ಮುಟ್ಟಿಕೊಂಡಳು. ಇವಳಿಗೆ ಎಲ್ಲ ಗೊತ್ತಿದೆ, ಬಾಗಿಲ ಸಂಗತಿಯೂ ಗೊತ್ತಿದೆ, ಈಗ ನನ್ನನ್ನು ಇಲ್ಲಿ ಕೂಡಿಹಾಕುತ್ತಾಳೆ. ಐದು ಗಂಟೆಯ ವಿಮಾನ ಹೋಗುತ್ತದೆ.

"ನೀನು ಎನೆಲೆಸಿ," ಎಂದಳು ಅತ್ಸೆದೆ. ಅರಬ್ಬಿಯಲ್ಲಿ. ವಯಸ್ಸಿನಲ್ಲಿದ್ದಾಗ ಅವಳು ಜೆದ್ದಾದಲ್ಲಿ ನಾಲ್ಕು ವರ್ಷ ಮನೆಗೆಲಸ ಮಾಡಿದವಳು, ಯೆಶಿ ಹೇಳಿದ್ದಳು. "ಫೋನು. ನಿಂದು."

"ಹೌದು. ನಾನು."

"ಕೂತ್ಕೋ."

ಇಬ್ಬರ ಬಳಿಯೂ ಇದ್ದದ್ದು ಅಡುಗೆಮನೆಯ ಅರಬ್ಬಿ. ಬಾ, ಹೋಗು, ತೊಳೆ, ಬೇಗ, ತಾ, ಮುಟ್ಟಬೇಡ. ಅಪ್ಪಣೆಗಳಿಂದ ಕಲಿತ ಭಾಷೆ. ಅದರಲ್ಲಿ ದುಃಖಕ್ಕೆ ಮಾತಿಲ್ಲ ಎಂಬುದು ಎನೆಲೆಸಿಗೆ ಒಂದು ಧೈರ್ಯವೇ ಆಗಿತ್ತು. ಹೆಚ್ಚು ಕೇಳಲಾರಳು, ಹೆಚ್ಚು ಹೇಳಬೇಕಿಲ್ಲ. ಅತ್ಸೆದೆ ಕೆಂಡ ಊದಿ, ಕಾಫಿ ಬೀಜ ತೊಳೆದು ಹಂಚಿಗೆ ಹಾಕಿದಳು. ಶುಕ್ರವಾರ ಯೆಶಿ ಮಾಡುತ್ತಿದ್ದ ಹಾಗೇ, ಅವಸರವಿಲ್ಲದೆ, ಬೀಜ ಸಿಡಿಯುವವರೆಗೆ ಹುರಿದು, ಹೊಗೆಯನ್ನು ಅತಿಥಿಯ ಮುಖದ ಕಡೆ ಕೈಯಲ್ಲಿ ಬೀಸಿದಳು. ಮೂರು ಸುತ್ತು ಕುಡಿಯಬೇಕು. ಮೂರನೆಯದಕ್ಕೆ ಮುಂಚೆ ಏಳುವಂತಿಲ್ಲ. ನೆರೆಯವರನ್ನು ಕರೆಯದೆ ಇದನ್ನು ಮಾಡುವುದೇ ಇಲ್ಲ ಎಂದು ಯೆಶಿ ಹೇಳಿದ್ದಳಲ್ಲ, ಇವಳು ಬಾಗಿಲು ಮುಚ್ಚಿಕೊಂಡು ಕೂತಿದ್ದಾಳೆ. ಹೊರಗೆ ಯಾರೋ ಹೆಸರು ಹಿಡಿದು ಕೂಗಿದರು. ಅತ್ಸೆದೆ ಓಗೊಡಲಿಲ್ಲ.

ಮೊದಲ ಲೋಟ. "ಯೆಶಿ ಚೆನ್ನಾಗಿದ್ದಾಳೆ," ಎಂದಳು ಎನೆಲೆಸಿ, ಕೇಳುವ ಮೊದಲೇ. "ಕೆಲಸ ಜಾಸ್ತಿ. ಫೋನು ಕೆಟ್ಟಿದೆ." ಅತ್ಸೆದೆ ತಲೆಯಾಡಿಸಿದಳು. ಹಿಂದಿನ ಗೋಡೆಯಲ್ಲಿ ಹುಡುಗಿಯ ಫೋಟೋ ಇತ್ತು, ಶಾಲೆಯ ಸಮವಸ್ತ್ರದಲ್ಲಿ. ಅದನ್ನು ನೋಡಬಾರದೆಂದು ಎನೆಲೆಸಿ ಲೋಟ ನೋಡುತ್ತಿದ್ದಳು.

ಎರಡನೆಯ ಲೋಟ. ಸುಳ್ಳು ಈಗ ತಾನಾಗಿಯೇ ಬೆಳೆಯಿತು. "ದಪ್ಪ ಆಗಿದ್ದಾಳೆ. ಚೆನ್ನಾಗಿ ತಿಂತಾಳೆ. ಮೇಡಂ ಒಳ್ಳೆಯವಳು. ನಗ್ತಾಳೆ, ದಿನಾ ನಗ್ತಾಳೆ." ಇದನ್ನು ಹೇಳುವಾಗ ತಾರಸಿಯ ಒದ್ದೆ ಚಾದರ, ಅದರಾಚೆಯ ನಗು ಅವಳ ಕಣ್ಣ ಮುಂದೆ ಬಂದು, ಕೊನೆಯ ಮಾತು ಸುಳ್ಳೇ ಅಲ್ಲ ಅನ್ನಿಸಿತು. ಅತ್ಸೆದೆ ಪ್ರತಿ ಮಾತಿಗೂ ತಲೆಯಾಡಿಸುತ್ತಿದ್ದಳು, ಹಸಿದವರಿಗೆ ಬಡಿಸಿದ್ದು ಸಾಲದ ಹಾಗೆ, ಇನ್ನೂ ಹೇಳು ಎನ್ನುವಂತೆ. "ಹೇಳು," ಎಂದಳು. "ಇನ್ನೂ ಹೇಳು." ಎನೆಲೆಸಿ ಹೇಳಿದಳು. ಯೆಶಿ ಕೆಂಪು ಚಪ್ಪಲಿ ಕೊಂಡಳು. ಯೆಶಿ ಮುಂದಿನ ವರ್ಷ ಬರುತ್ತಾಳೆ.

ಮೂರನೆಯದು ನೀರಾಗಿತ್ತು, ಬಣ್ಣ ಮಾತ್ರ ಉಳಿದಿತ್ತು. ಅತ್ಸೆದೆ ತನ್ನ ಲೋಟವನ್ನು ಪೂರ್ತಿ ಕುಡಿದು, ಮಗುಚಿಟ್ಟು, ಮುಂದಕ್ಕೆ ಸರಿದು ಎನೆಲೆಸಿಯ ಕುತ್ತಿಗೆಯಿಂದ ಶಾಲನ್ನು ಬಿಡಿಸಿದಳು. ಅಂಚಿನ ಹಳದಿ ಚೌಕಗಳ ಮೇಲೆ ಬೆರಳಾಡಿಸಿದಳು. "ನನ್ನ ಗಂಡ. ಅವನು ನೇಯ್ದಿದ್ದು." ಆಮೇಲೆ ಅಂಚನ್ನು ಪಾದದ ಕಡೆ ಇಳಿಬಿಟ್ಟು ತೋರಿಸಿದಳು. "ಹೀಗೆ. ಹಬ್ಬ. ಚರ್ಚು. ದಿನಾ." ಅಂಚನ್ನು ತಿರುವಿ ಮೇಲೆ, ಕುತ್ತಿಗೆಯ ಹತ್ತಿರ ತಂದಳು. ಮಾತು ಹುಡುಕಿದಳು. ಜೆದ್ದಾದ ಅಡುಗೆಮನೆಯಲ್ಲಿ ಆ ಮಾತನ್ನು ಅವಳು ಕೋಳಿಗೆ, ಮೀನಿಗೆ ಬಳಸಿದ್ದಿರಬೇಕು. "ಹೀಗೆ. ಸತ್ರೆ."

ಎನೆಲೆಸಿಗೆ ಅರ್ಥವಾಗಲು ಕೆಲವು ಕ್ಷಣ ಬೇಕಾಯಿತು. ಮೆಸ್ಫಿನ್ ನಿಲ್ಲಿಸಿದ ಹಾಡು, ಮೆಣಸಿನಕಾಯಿಯ ಮುದುಕಿ, ನಿಂತ ಮಗ್ಗಗಳು, ಎಲ್ಲರೂ ಒಬ್ಬೊಬ್ಬರಾಗಿ ಬಂದು ಅವಳೆದುರು ನಿಂತರು. ಇಡೀ ಊರಿನಲ್ಲಿ ಸುದ್ದಿಯನ್ನು ಮೈಮೇಲೆ ಹೊದ್ದು, ಹಲ್ಲು ಬಿಟ್ಟು ನಗುತ್ತ ಬಂದಿದ್ದಳು. ಹೊತ್ತು ನೋಡಿದ್ದಳು, ಅಂಗಿಯ ಬಣ್ಣ ನೋಡಿದ್ದಳು.

"ನಂಗೆ ಗೊತ್ತಿರ್ಲಿಲ್ಲ," ಎಂದಳು. "ಬಟ್ಟೆ. ಗೊತ್ತಿರ್ಲಿಲ್ಲ."

"ನಂಗೆ ಗೊತ್ತಾಯ್ತು. ಬಾಗಿಲಲ್ಲೇ." ಅತ್ಸೆದೆ ಮಗುಚಿಟ್ಟ ಲೋಟ ತೋರಿಸಿದಳು. "ಮೂರು ಲೋಟ. ಅಲ್ಲಿವರೆಗೆ ಇರ್ಲಿ ಅಂದೆ."

ಹೊರಗೆ ಓಣಿಯಲ್ಲಿ ಜನರ ಗುಜುಗುಜು ಕೇಳುತ್ತಿತ್ತು. ಯಾರೂ ತಟ್ಟಲಿಲ್ಲ.

"ಯಾವಾಗ?"

"ಮೂರು ತಿಂಗಳು."

"ಹೇಗೆ?"

ಎನೆಲೆಸಿ ಕೈಯನ್ನು ಮೇಲೆತ್ತಿದಳು, ಕೆಳಗಿಳಿಸಿದಳು. ಅಷ್ಟೇ ಗೊತ್ತಿದ್ದದ್ದು. ಬಿದ್ದಳೋ, ಹಾರಿದಳೋ, ಕೊಳವೆ ಹಿಡಿದು ಇಳಿಯಲು ನೋಡಿದಳೋ, ಯಾರೂ ಹೇಳಿರಲಿಲ್ಲ. ಅತ್ಸೆದೆ ಆ ಕೈಯನ್ನು ನೋಡುತ್ತಲೇ ಇದ್ದಳು. ಅವಳು ಇನ್ನು ಅಳುತ್ತಾಳೆ, ಆಮೇಲೆ ನಾನು ಎದ್ದು ಹೋಗಬಹುದು ಎಂದು ಎನೆಲೆಸಿ ಕಾಯುತ್ತಿದ್ದಳು. ಹೌದು, ಆ ಕ್ಷಣದಲ್ಲೂ ವಿಮಾನ ನೆನಪಿತ್ತು. ಅದು ನೆನಪಿದ್ದದ್ದಕ್ಕೆ ತನ್ನ ಮೇಲೆ ಹೇಸಿಗೆಯಾಯಿತು.

"ಯಾರ ಹತ್ರಾನೂ ಹೋಗ್ಲಿಲ್ವಾ? ಅವಳು?" ಅತ್ಸೆದೆ ಕೇಳಿದಳು. "ಯಾರೂ ಇರ್ಲಿಲ್ವಾ?"

ಇರಲಿಲ್ಲ ಎಂದರೆ ಮುಗಿಯುತ್ತಿತ್ತು. ಆ ಮಾತು ಅರಬ್ಬಿಯಲ್ಲಿ ಬಹಳ ಚಿಕ್ಕದು, ದಿನಕ್ಕೆ ನೂರು ಸಲ ಹೇಳಿದ್ದು. ನಾಲಿಗೆಯ ತುದಿಗೆ ಬಂದಿತ್ತು.

"ನನ್ನ ಹತ್ರ ಬಂದ್ಲು," ಎಂದಳು ಎನೆಲೆಸಿ. "ಬಾಗಿಲು ತಟ್ಟಿದ್ಲು. ನಾನು ಒಳಗಿದ್ದೆ. ತೆಗೀಲಿಲ್ಲ."

ಅತ್ಸೆದೆಗೆ ಕೇಳಿಸಿತೋ ಇಲ್ಲವೋ ತಿಳಿಯಲಿಲ್ಲ. ಹೇಳಿದ ಮಾತುಗಳು ಸರಿಯಿದ್ದವೇ ಎಂದು ಎನೆಲೆಸಿ ಮನಸ್ಸಿನಲ್ಲಿ ತಡಕಾಡಿದಳು. ಹೊಡೆಯುತ್ತಾಳೆ ಅಂದುಕೊಂಡಳು, ಹೊಡೆದರೆ ತಪ್ಪಿಸಿಕೊಳ್ಳಬಾರದು ಅಂದುಕೊಂಡಳು. ಅತ್ಸೆದೆ ಶಾಲನ್ನು ಕೊಡವಿ, ಬಣ್ಣದ ಅಂಚನ್ನು ಮೇಲೆ ಮಾಡಿ, ತನ್ನ ಕುತ್ತಿಗೆಗೆ ಸುತ್ತಿಕೊಂಡಳು. ಮಡಿಕೆಯಲ್ಲಿ ಮೂಗಿಟ್ಟು ಬಹಳ ಹೊತ್ತು ಉಸಿರೆಳೆದುಕೊಂಡಳು. ಆಮೇಲೆ ಎನೆಲೆಸಿಯ ಕಡೆ ನೋಡದೆ ಹೇಳಿದಳು.

"ಬಾಗಿಲು ತೆಗಿ."

ಅದೇ ಮಾತು, ಅದೇ ಅರಬ್ಬಿಯಲ್ಲಿ. ಎನೆಲೆಸಿ ನೆಲಕ್ಕೆ ಕೈಯೂರಿದಳು.

"ತೆಗಿ, ಎನೆಲೆಸಿ."

ಅವಳು ಎದ್ದಳು. ಮೇಲಿನ ಅಗುಳಿ ತುಕ್ಕು ಹಿಡಿದಿತ್ತು, ಎರಡೂ ಕೈಯಿಂದ ಎಳೆಯಬೇಕಾಯಿತು. ಕೆಳಗಿನದು ಸುಲಭವಾಗಿ ಬಂತು. ಬಾಗಿಲು ಎಳೆದಾಗ ಬಿಸಿಲು ಒಳಗೆ ಬಿತ್ತು. ಓಣಿಯ ತುಂಬ ಹೆಂಗಸರು ನಿಂತಿದ್ದರು, ಮಗ್ಗ ಬಿಟ್ಟು ಬಂದ ಗಂಡಸರು, ಮೆಣಸಿನಕಾಯಿಯ ಮುದುಕಿ, ಅವರ ಹಿಂದೆ ಟೋಪಿ ತೆಗೆದು ಕೈಯಲ್ಲಿ ಹಿಡಿದ ಮೆಸ್ಫಿನ್. ಎಲ್ಲರೂ ಬಹಳ ಹೊತ್ತಿನಿಂದ ಕಾಯುತ್ತಿದ್ದವರ ಹಾಗೆ ಕಂಡರು. ಆಗ ಎನೆಲೆಸಿಯ ಬೆನ್ನ ಹಿಂದೆ ಅತ್ಸೆದೆಯ ಮೊದಲ ಕೂಗು ಎದ್ದಿತು, ಅವಳನ್ನು ದಾಟಿ ಹೊರಗೆ ಹೋಯಿತು, ಓಣಿ ಅದನ್ನು ಎತ್ತಿಕೊಂಡಿತು. ಹೆಂಗಸರು ಒಬ್ಬೊಬ್ಬರಾಗಿ ಶಾಲಿನ ಅಂಚು ತಿರುವಿಕೊಳ್ಳುತ್ತ ಒಳಗೆ ಬರತೊಡಗಿದರು. ಬೆಟ್ಟದ ಗಾಳಿಗೆ ತಗಡಿನ ಬಾಗಿಲು ಮತ್ತೆ ಮತ್ತೆ ಮುಚ್ಚಿಕೊಳ್ಳಲು ನೋಡುತ್ತಿತ್ತು. ಕೊನೆಯವರು ಒಳಗೆ ಹೋಗುವವರೆಗೂ ಎನೆಲೆಸಿ ಅದನ್ನು ಹಿಡಿದುಕೊಂಡು ನಿಂತಳು. ಅವರು ಹೋದ ಮೇಲೂ ಕೈ ಬಿಡಲು ಅವಳಿಗೆ ಧೈರ್ಯ ಬರಲಿಲ್ಲ.